ಮೂರಡಿಯ ದೂರ: ಹವ್ಯಾಸಿ ಗಾಲ್ಫ್ ಆಟಗಾರನ ಕೈ ತಪ್ಪುವುದೇಕೆ?

ಗಾಲ್ಫ್ ಆಟದ ಲೆಕ್ಕದಲ್ಲಿ ಒಂದು ವೈಚಿತ್ರ್ಯವಿದೆ. ಇನ್ನೂರೈವತ್ತು ಗಜಗಳಾಚೆಗೆ ಚೆಂಡನ್ನು ಚಿಮ್ಮಿಸುವ ಹೊಡೆತಕ್ಕೂ, ಕುಳಿಯಿಂದ ಮೂರಡಿ ದೂರದಲ್ಲಿ ನಿಂತ ಚೆಂಡನ್ನು ಮೆಲ್ಲನೆ ಒಳಕ್ಕೆ ತಳ್ಳುವ ಹೊಡೆತಕ್ಕೂ ಬೆಲೆ ಒಂದೇ. ಹದಿನೆಂಟು ಕುಳಿಗಳ ಮೈದಾನಕ್ಕೆ 72 ಹೊಡೆತಗಳೆಂದು ಗೊತ್ತುಪಡಿಸಿದ್ದರೆ, ಅವುಗಳಲ್ಲಿ ಸರಿಯಾಗಿ ಅರ್ಧ, ಅಂದರೆ ಕುಳಿಗೆ ಎರಡರಂತೆ 36, ಕುಳಿಯ ಸುತ್ತಲಿನ ನುಣುಪಾದ ಹಸಿರಂಗಳದ ಮೇಲೆ ಆಡುವುದಕ್ಕಾಗಿಯೇ ಮೀಸಲು. ಈ ಅಂಗಳಕ್ಕೆ ಗ್ರೀನ್ ಎಂದೂ, ಅಲ್ಲಿ ಪಟ್ಟರ್ ಎಂಬ ಚಪ್ಪಟೆ ಮುಖದ ಕೋಲಿನಿಂದ ಚೆಂಡನ್ನು ಉರುಳಿಸುವುದಕ್ಕೆ ಪಟ್ಟಿಂಗ್ ಎಂದೂ ಹೆಸರು. ಇದಕ್ಕೆ ದೇಹಬಲ ಬೇಡ, ಎತ್ತರ ಬೇಡ, ತಾರುಣ್ಯವೂ ಬೇಡ. ಎಪ್ಪತ್ತರ ವೃದ್ಧನೂ ಹದಿನೈದರ ಬಾಲಕನೂ ಸರಿಸಮನಾಗಿ ನಿಲ್ಲಬಹುದಾದ ಭಾಗ ಈ ಆಟದಲ್ಲಿ ಇದೊಂದೇ. ಆದುದರಿಂದಲೇ ಇದು ಕೈಕೊಟ್ಟಾಗ ಆಗುವ ಮುಖಭಂಗವೂ ಹೆಚ್ಚು. ಕೈಗೆ ಬಂದ ತುತ್ತು ಬಾಯಿಗೆ ಬಾರದ ಸ್ಥಿತಿ ಅದು.

ಆರೋಗ್ಯದ ಲೇಖನಗಳ ನಡುವೆ ಇಂಥ ವಿಷಯಕ್ಕೇನು ಕೆಲಸವೆಂದು ಓದುಗರು ಕೇಳಬಹುದು. ಹೊರನಾಡಿನ ಕನ್ನಡಿಗರಲ್ಲಿ ಗಾಲ್ಫ್ ಹಿಡಿದವರನೇಕರು ನಲವತ್ತೈದು ಐವತ್ತರ ಪ್ರಾಯದಲ್ಲಿ, ರಕ್ತದೊತ್ತಡವನ್ನೋ ಸಕ್ಕರೆಯನ್ನೋ ಕಂಡ ವೈದ್ಯರು ನಡೆದಾಡಿರೆಂದು ಹೇಳಿದ ಮೇಲೆ ಹಿಡಿದವರು. ಚೆಂಬೂರಿನಲ್ಲಾಗಲಿ, ಪುಣೆಯ ಯೆರವಡಾದಲ್ಲಾಗಲಿ, ಚೆನ್ನೈಯ ನಂದನಂ, ಹೈದರಾಬಾದಿನ ಗೋಲ್ಕೊಂಡ, ಹಳೆಯ ಗೋರಿಗಳ ನಡುವೆ ಹಬ್ಬಿದ ದೆಹಲಿಯ ಮೈದಾನದಲ್ಲಾಗಲಿ, ಒಂದು ಪೂರ್ಣ ಸುತ್ತನ್ನು ಕಾಲ್ನಡೆಯಿಂದ ಮುಗಿಸಿದರೆ ಏಳೆಂಟು ಕಿಲೋಮೀಟರು ನಡೆದಂತಾಗುತ್ತದೆ. ಪಟ್ಟಿಂಗ್ ಕೆಟ್ಟವನು ಮೊದಲು ನಗುತ್ತಾನೆ, ಬಳಿಕ ಸಿಡುಕುತ್ತಾನೆ, ಆಮೇಲೆ ಭಾನುವಾರ ಬೆಳಗ್ಗೆ ಮೊಣಕಾಲು ನೋವೆಂದು ಹಾಸಿಗೆಯಲ್ಲೇ ಉಳಿಯುತ್ತಾನೆ. ಕೆಲವೇ ತಿಂಗಳಲ್ಲಿ ಕೋಲುಗಳ ಚೀಲ ಅಟ್ಟ ಸೇರುತ್ತದೆ. ಅದರೊಡನೆ ವಾರಕ್ಕೆ ಹದಿನೈದು ಕಿಲೋಮೀಟರಿನ ನಡಿಗೆಯೂ ನಾಲ್ಕು ಸ್ನೇಹಿತರ ಒಡನಾಟವೂ ಹೋಗುತ್ತವೆ. ನಷ್ಟ ಅಂಕಪಟ್ಟಿಯಲ್ಲಿ ಮಾತ್ರವಲ್ಲ.

ಇಂಥ ಕುಸಿತಕ್ಕೆ ಪ್ರತಿಯೊಬ್ಬನೂ ಕೈಗೊಳ್ಳುವ ಮೊದಲ ಚಿಕಿತ್ಸೆ ಹೊಡೆತವನ್ನೇ ತಿದ್ದುವುದು: ಹಿಡಿತ ಬದಲು, ನಿಲುವು ಬದಲು, ಕೊನೆಗೆ ಹತ್ತಾರು ಸಾವಿರ ರೂಪಾಯಿ ತೆತ್ತು ಪಟ್ಟರೇ ಬದಲು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಹೆಚ್ಚಿನ ಸಂದರ್ಭಗಳಲ್ಲಿ ಹೊಡೆತವು ರೋಗದ ಮೂಲವೇ ಆಗಿರುವುದಿಲ್ಲ. ಪಟ್ಟಿಂಗ್ ಕೆಡುವುದಕ್ಕೆ ಕಾರಣಗಳು ಹಲವು. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷವಾಗುವುದೂ ಉಂಟು. ಆದುದರಿಂದ ಚಿಕಿತ್ಸೆಗೆ ಮುಂಚೆ ರೋಗನಿದಾನ ನಡೆಯಬೇಕು.

ಮೊದಲನೆಯದಾಗಿ, ಕುಸಿತವೆಂದು ತೋರುವುದೆಲ್ಲ ಕುಸಿತವಲ್ಲ. ಅಮೆರಿಕದ ಪ್ರಾಧ್ಯಾಪಕ ಮಾರ್ಕ್ ಬ್ರಾಡಿಯವರು ಲಕ್ಷಾಂತರ ಹೊಡೆತಗಳನ್ನು ವಿಶ್ಲೇಷಿಸಿ ಪ್ರಕಟಿಸಿದ ಅಂಕಿಗಳ ಪ್ರಕಾರ, ಜಗತ್ತಿನ ಅಗ್ರಗಣ್ಯ ವೃತ್ತಿಪರರೂ ಎಂಟು ಅಡಿ ದೂರದಿಂದ ಎರಡರಲ್ಲಿ ಒಂದನ್ನು ಮಾತ್ರ ಕುಳಿಗೆ ಸೇರಿಸುತ್ತಾರೆ. ಇಪ್ಪತ್ತು ಅಡಿಯಿಂದಾದರೆ ನೂರಕ್ಕೆ ಸುಮಾರು ಹದಿನೈದು. ತೊಂಬತ್ತರ ಆಸುಪಾಸಿನಲ್ಲಿ ಸುತ್ತು ಮುಗಿಸುವ ಹವ್ಯಾಸಿಗೆ ಎರಡರಲ್ಲೊಂದು ಎಂಬ ದೂರ ಸುಮಾರು ಐದು ಅಡಿ. ದೂರದರ್ಶನದಲ್ಲಿ ಆಟ ನೋಡುವವರಿಗೆ ಇದು ನಂಬಲಾಗದ ಮಾತು. ಆದರೆ ಅಲ್ಲಿ ತೋರಿಸುವುದು ಆ ವಾರ ಗೆಲ್ಲುತ್ತಿರುವವರನ್ನು. ಅವರು ಗೆಲ್ಲುತ್ತಿರುವುದೇ ಆ ವಾರ ಅವರ ಚೆಂಡು ಕುಳಿಗೆ ಬೀಳುತ್ತಿರುವುದರಿಂದ. ತಪ್ಪುತ್ತಿರುವ ನೂರು ಜನ ಕ್ಯಾಮೆರಾದ ಕಣ್ಣಿಗೆ ಬೀಳುವುದೇ ಇಲ್ಲ.

ಐದಡಿಯ ಹೊಡೆತಗಳು ವರ್ಷಕ್ಕೆ ನೂರೈವತ್ತು ಬರುತ್ತವೆಂದೂ, ಎರಡರಲ್ಲೊಂದು ಬೀಳುತ್ತದೆಂದೂ ಇಟ್ಟುಕೊಳ್ಳೋಣ. ನಾಣ್ಯ ಚಿಮ್ಮಿದಂತೆ ಲೆಕ್ಕ ಹಾಕಿದರೆ, ಕೈಯಲ್ಲಿ ಯಾವ ದೋಷವೂ ಇಲ್ಲದೆ, ಐದು ಅಥವಾ ಹೆಚ್ಚು ಹೊಡೆತಗಳು ಸಾಲಾಗಿ ತಪ್ಪುವ ಪ್ರಸಂಗ ವರ್ಷಕ್ಕೆ ಎರಡು ಮೂರು ಬಾರಿ ತಾನಾಗಿಯೇ ಬರುತ್ತದೆ. ಅದನ್ನು ಗ್ರಹಚಾರವೆಂದು ಕರೆಯಬಹುದು, ರೋಗವೆಂದು ಕರೆಯುವಂತಿಲ್ಲ. ಅಂಥ ಹೊತ್ತಿನಲ್ಲಿ ಹೊಡೆತವನ್ನು ಬಿಚ್ಚಿ ರಿಪೇರಿಗೆ ಕುಳಿತವನೇ ನಿಜವಾದ ಕುಸಿತವನ್ನು ಕರೆತರುತ್ತಾನೆ.

ಒಂದು ಸುತ್ತಿಗೆ ಎಷ್ಟು ಪಟ್ಟುಗಳಾದವೆಂಬ ಲೆಕ್ಕವೂ ಮೋಸದ್ದು. ದೂರದ ಹೊಡೆತಗಳು ಸುಧಾರಿಸಿದಂತೆಲ್ಲ ಆಟಗಾರ ಹೆಚ್ಚು ಬಾರಿ ನೇರವಾಗಿ ಗ್ರೀನ್ ತಲುಪುತ್ತಾನೆ. ಆದರೆ ಕುಳಿಗೆ ಮೂವತ್ತು ನಲವತ್ತು ಅಡಿ ದೂರದಲ್ಲಿ. ಮೊದಲಾದರೆ ಗ್ರೀನಿನ ಹೊರಗೆ ಬಿದ್ದು, ಅಲ್ಲಿಂದ ಚೆಂಡನ್ನು ಎತ್ತಿ ಕುಳಿಯ ಹತ್ತಿರ ಹಾಕಿ, ಒಂದೇ ಪಟ್ಟಿನಲ್ಲಿ ಮುಗಿಸುತ್ತಿದ್ದ. ಈಗ ಎರಡು ಬೇಕು. ಆಟ ಮೇಲೇರಿದೆ, ಪಟ್ಟುಗಳೂ ಏರಿವೆ. ಆತನಿಗೆ ಮಾತ್ರ ಪಟ್ಟಿಂಗ್ ಹೋಯಿತೆಂಬ ಕೊರಗು. ಈ ಕಾರಣಕ್ಕಾಗಿಯೇ ಅಮೆರಿಕದ ವೃತ್ತಿಪರ ಮಂಡಲಿ 2011ರಿಂದ ಪಟ್ಟುಗಳ ಬರಿಯ ಸಂಖ್ಯೆಗೆ ಬದಲು, ದೂರವನ್ನು ಗಣನೆಗೆ ತೆಗೆದುಕೊಳ್ಳುವ ಬ್ರಾಡಿಯವರ ಕ್ರಮವನ್ನು ಬಳಕೆಗೆ ತಂದಿತು.

ಹವ್ಯಾಸಿಗೆ ಅಷ್ಟು ದೊಡ್ಡ ಯಂತ್ರಸಾಮಗ್ರಿ ಬೇಕಿಲ್ಲ. ಜೇಬಿನಲ್ಲೊಂದು ಚಿಕ್ಕ ಪುಸ್ತಕ ಸಾಕು. ಹತ್ತು ಸುತ್ತುಗಳ ಕಾಲ ಯಾವುದನ್ನೂ ಬದಲಿಸದೆ, ಪ್ರತಿ ಗ್ರೀನಿನಲ್ಲೂ ಮೊದಲ ಪಟ್ಟಿನ ದೂರವೆಷ್ಟು ಹೆಜ್ಜೆ, ತಪ್ಪಿದ ಚೆಂಡು ಕುಳಿಗಿಂತ ಹಿಂದೆ ನಿಂತಿತೋ ಮುಂದೆ ಹೋಯಿತೋ, ಎಡಕ್ಕೋ ಬಲಕ್ಕೋ ಎಂಬಿಷ್ಟನ್ನೇ ಬರೆದಿಡಬೇಕು. ಮೂರು ಪಟ್ಟುಗಳು ಬೇಕಾದ ಕುಳಿಗಳಲ್ಲಿ ಮೊದಲ ಚೆಂಡು ಸತತವಾಗಿ ನಾಲ್ಕೈದು ಅಡಿ ಹಿಂದೆಯೇ ನಿಂತಿದ್ದರೆ ಕೆಟ್ಟಿರುವುದು ವೇಗದ ಅಂದಾಜು. ತಪ್ಪಿದವುಗಳೆಲ್ಲ ಒಂದೇ ಪಕ್ಕಕ್ಕೆ ಸರಿದಿದ್ದರೆ ಗುರಿ. ಅಭ್ಯಾಸದ ಗ್ರೀನಿನಲ್ಲಿ ಬೀಳುವುದು ಪಂದ್ಯದಲ್ಲಿ ಮಾತ್ರ ಬೀಳದಿದ್ದರೆ ಅದು ಮನಸ್ಸಿನ ಪಾಡು. ಮೂರಡಿಯೊಳಗಣ ಹೊಡೆತಗಳಲ್ಲಿ ಕೈ ತಟಕ್ಕನೆ ಎಳೆದಂತಾಗಿ ಚೆಂಡು ಎತ್ತೆತ್ತಲೋ ಹೋಗುತ್ತಿದ್ದರೆ ಅದು ಬೇರೆಯೇ ಜಾತಿಯ ತೊಂದರೆ. ಅದನ್ನು ಮುಂದೆ ನೋಡೋಣ.

ವೇಗದ ಮಾತು ನಮ್ಮ ದೇಶದಲ್ಲಿ ಋತುಮಾನದ ಮಾತೂ ಹೌದು. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಗ್ರೀನಿನ ಮೇಲೆ ಮಾತ್ರ ನೆಲ ನಿಜವಾಗಿಯೂ ಡೊಂಕು, ಮೇಲಾಗಿ ತಿಂಗಳಿಂದ ತಿಂಗಳಿಗೆ ಅದರ ನಡತೆ ಬೇರೆ. ಮುಂಬಯಿ ಹಾಗೂ ದಕ್ಷಿಣದ ಮೈದಾನಗಳ ಗ್ರೀನುಗಳಲ್ಲಿ ಸಾಮಾನ್ಯವಾಗಿ ಬೆಳೆಸುವುದು ಬರ್ಮುಡಾ ಹುಲ್ಲು. ಹೆಸರು ವಿದೇಶೀಯವಾದರೂ ಇದು ಗಣಪತಿಗೆ ಏರಿಸುವ ನಮ್ಮ ಗರಿಕೆಯೇ. ಗ್ರೀನುಗಳಿಗೆಂದು ಸಿದ್ಧಪಡಿಸಿದ ಸಣ್ಣೆಲೆಯ ತಳಿಗಳು ಗರಿಕೆಯನ್ನು ಇನ್ನೊಂದು ಆಫ್ರಿಕದ ಹುಲ್ಲಿನೊಡನೆ ಕೂಡಿಸಿ ಪಡೆದವು. ಮಳೆಗಾಲದಲ್ಲಿ ಇದು ಸೊಂಪಾಗಿ ಬೆಳೆದು, ಒದ್ದೆಯಾಗಿ, ಚೆಂಡನ್ನು ಹಿಡಿದು ನಿಲ್ಲಿಸುತ್ತದೆ. ಗರಿಕೆ ನೆಟ್ಟಗೆ ಬೆಳೆಯದೆ ಒಂದು ಕಡೆಗೆ ಒರಗುವುದರಿಂದ, ಒರಗಿದ ದಿಕ್ಕಿಗೆ ಆಡಿದ ಚೆಂಡು ಜಾರುತ್ತದೆ, ಎದುರು ದಿಕ್ಕಿಗೆ ಆಡಿದ್ದು ತಡೆಯುತ್ತದೆ. ಹುಲ್ಲು ಮಿನುಗುವಂತೆ ಕಂಡರೆ ಅದು ಆಟಗಾರನಿಂದ ಆಚೆಗೆ ಒರಗಿದೆ, ಮಾಸಿದಂತೆ ಕಂಡರೆ ಅವನತ್ತ ಒರಗಿದೆ ಎಂಬುದು ಗುರುತು. ಅನುಭವಿ ಕ್ಯಾಡಿಗೆ ಇದು ನೋಡದೆಯೇ ಗೊತ್ತು.

ಗ್ರೀನಿನ ವೇಗವನ್ನು ಅಳೆಯಲು ಎಡ್ವರ್ಡ್ ಸ್ಟಿಂಪ್ಸನ್ ಎಂಬ ಹವ್ಯಾಸಿ ಆಟಗಾರ 1935ರಲ್ಲಿ ಒಂದು ಸರಳ ಇಳಿಜಾರು ಪಟ್ಟಿಯನ್ನು ರೂಪಿಸಿದ. ಅದರ ಮೇಲಿಂದ ಜಾರಿಬಿಟ್ಟ ಚೆಂಡು ಎಷ್ಟು ಅಡಿ ಉರುಳುವುದೋ ಅದೇ ಗ್ರೀನಿನ ವೇಗ. ವೇಗ ಹತ್ತರಿಂದ ಎಂಟಕ್ಕೆ ಇಳಿದರೆ, ಡಿಸೆಂಬರಿನಲ್ಲಿ ಇಪ್ಪತ್ತು ಅಡಿ ಹೋಗುತ್ತಿದ್ದ ಅದೇ ಹೊಡೆತ ಜುಲೈಯಲ್ಲಿ ಹದಿನಾರಕ್ಕೇ ನಿಲ್ಲುತ್ತದೆ. ಉಳಿಯುವ ನಾಲ್ಕಡಿ ಆತಂಕದ ನಾಲ್ಕಡಿ. ಹೀಗೆ ಋತುವಿನ ತಪ್ಪು ಕೈಯ ತಪ್ಪಾಗಿ ಕಂಡು, ಕ್ರಮೇಣ ಮನಸ್ಸಿನ ಭಯವಾಗಿ ಬೇರೂರುತ್ತದೆ. ಇದಕ್ಕೆ ಪರಿಹಾರ ಸುಲಭ: ಆಟಕ್ಕೆ ಮುನ್ನ ಹತ್ತು ನಿಮಿಷ ಅಭ್ಯಾಸದ ಗ್ರೀನಿನಲ್ಲಿ ಕುಳಿಯನ್ನೇ ನೋಡದೆ, ಒಂದು ಚೆಂಡನ್ನು ಅಂಚಿನವರೆಗೆ, ಇನ್ನೊಂದನ್ನು ಅರ್ಧದವರೆಗೆ, ಹೀಗೆ ಬರಿಯ ದೂರಗಳನ್ನು ಆಡಿ ಆ ದಿನದ ನೆಲದ ಪರಿಚಯ ಮಾಡಿಕೊಳ್ಳುವುದು. ಮೂರಡಿಯ ಹೊಡೆತಗಳನ್ನೇ ಐವತ್ತು ಬಾರಿ ಆಡಿ ಸುತ್ತಿಗೆ ಹೊರಡುವವನು ಈ ಪರಿಚಯವಿಲ್ಲದೆಯೇ ಹೊರಡುತ್ತಾನೆ.

ಗುರಿಯ ವಿಷಯದಲ್ಲಿ ಅಳತೆಗಳು ಸ್ವಲ್ಪ ಧೈರ್ಯವನ್ನೇ ಕೊಡುತ್ತವೆ. ಕುಳಿಯ ವ್ಯಾಸ ನಾಲ್ಕೂಕಾಲು ಅಂಗುಲ, ಚೆಂಡಿನದು 1.68 ಅಂಗುಲ. ಮೆಲ್ಲನೆ ಬಂದು ಬೀಳುವ ಚೆಂಡಿಗೆ ಮೂರಡಿ ದೂರದಿಂದ ಇಕ್ಕೆಲಗಳಲ್ಲೂ ಮೂರು ಡಿಗ್ರಿಗೂ ಮಿಕ್ಕಿದ ಅವಕಾಶವಿರುತ್ತದೆ. ಆರಡಿಗೆ ಅದು ಒಂದೂಮುಕ್ಕಾಲು ಡಿಗ್ರಿಗಿಂತ ತುಸು ಕಡಮೆ. ಜೋರಾಗಿ ಬರುವ ಚೆಂಡಿಗೆ ಕುಳಿ ಕಿರಿದಾಗುತ್ತದೆ, ಅಂಚನ್ನು ತಾಗಿದ್ದು ತಿರುಗಿ ಹೊರಬೀಳುತ್ತದೆ. ಚೆಂಡು ಹೊರಡುವ ದಿಕ್ಕನ್ನು ಬಹುಮಟ್ಟಿಗೆ ನಿರ್ಧರಿಸುವುದು ಕೋಲಿನ ಬೀಸಲ್ಲ, ತಾಗುವ ಕ್ಷಣದಲ್ಲಿ ಪಟ್ಟರಿನ ಮುಖ ಎತ್ತ ತಿರುಗಿದೆಯೆಂಬುದು. ಬೀಸನ್ನು ತಿದ್ದಲು ವರ್ಷಗಟ್ಟಲೆ ಹೆಣಗುವವರು ಈ ಮುಖವನ್ನು ಒಮ್ಮೆಯೂ ಪರೀಕ್ಷಿಸಿರುವುದಿಲ್ಲ. ಚೆಂಡಿನ ಮುಂದೆ ಒಂದಡಿಯಾಚೆ ಎರಡು ಮರದ ಮೊಳೆಗಳನ್ನು ಚೆಂಡಿಗಿಂತ ತುಸುವೇ ಅಗಲಕ್ಕೆ ಚುಚ್ಚಿ, ಆ ಬಾಗಿಲಿನೊಳಗಿಂದ ಚೆಂಡು ಹಾಯುವಂತೆ ಆಡಿದರೆ ದೋಷ ಎಲ್ಲಿದೆಯೆಂಬುದು ಕಾಲು ಗಂಟೆಯಲ್ಲಿ ತಿಳಿದುಬರುತ್ತದೆ.

ಐವತ್ತು ದಾಟಿದವರಲ್ಲಿ ಗುರಿ ಕೆಡುವುದಕ್ಕೆ ಕೈಗಿಂತ ಹೆಚ್ಚಾಗಿ ಕನ್ನಡಕವೇ ಕಾರಣವಾಗಿರುವುದುಂಟು. ದೂರಕ್ಕೂ ಓದುವುದಕ್ಕೂ ಒಂದೇ ಗಾಜಿನಲ್ಲಿ ಏರ್ಪಾಡಿರುವ ಬೈಫೋಕಲ್ ಅಥವಾ ಪ್ರೊಗ್ರೆಸಿವ್ ಕನ್ನಡಕದ ಕೆಳಭಾಗ ಓದುವ ದೂರಕ್ಕೆ, ಅಂದರೆ ಒಂದೂಕಾಲು ಅಡಿಗೆ, ಹೊಂದಿಸಿದ್ದು. ಪಟ್ಟಿಂಗಿಗೆ ಬಾಗಿ ನಿಂತಾಗ ಐದಡಿ ಕೆಳಗಿರುವ ಚೆಂಡು ಆ ಭಾಗದ ಮೂಲಕವೇ ಕಾಣುತ್ತದೆ: ಮಸುಕಾಗಿ, ಜಾಗ ತಪ್ಪಿ. ಅಂಚುಗಳಲ್ಲಿ ನೇರ ಗೆರೆಯೂ ಬಾಗಿದಂತೆ ತೋರುತ್ತದೆ. ಇಂಥವರು ದೂರದೃಷ್ಟಿಗೆ ಮಾತ್ರ ಹೊಂದುವ ಬೇರೊಂದು ಕನ್ನಡಕವನ್ನು ಆಟಕ್ಕೆಂದೇ ಮಾಡಿಸಿಕೊಳ್ಳುವುದು ಹೊಸ ಪಟ್ಟರಿಗಿಂತ ಅಗ್ಗ, ಗುಣವೂ ಹೆಚ್ಚು. ಕಣ್ಣಿನ ಪೊರೆ ಬೆಳೆಯುತ್ತಿರುವವರಿಗೆ ಹಸಿರಿನ ಮೇಲಣ ಏರುತಗ್ಗುಗಳ ಸೂಕ್ಷ್ಮ ಛಾಯೆಗಳು ಮೊದಲಿಗೇ ಮಾಯವಾಗುತ್ತವೆ. ಇದ್ದಕ್ಕಿದ್ದಂತೆ ಗ್ರೀನಿನ ಇಳಿಜಾರು ತಿಳಿಯದಂತಾಯಿತೆನ್ನುವವರು ತರಬೇತುದಾರನಿಗಿಂತ ಮೊದಲು ನೇತ್ರವೈದ್ಯರನ್ನು ಕಾಣುವುದು ಲೇಸು.

ಇನ್ನು ಮನಸ್ಸಿನ ವಿಚಾರ. ಅಮೆರಿಕದ ಮಿಶಿಗನ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಸಯಾನ್ ಬೈಲಾಕ್ ಮತ್ತು ಅವರ ಸಹೋದ್ಯೋಗಿಗಳು 2002ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಮನನೀಯ. ನುರಿತ ಆಟಗಾರರಿಗೆ ಒಮ್ಮೆ ತಮ್ಮ ಬೀಸಿನ ಕಡೆಗೇ ಗಮನವಿಟ್ಟು, ಅದು ಮುಗಿದ ಕ್ಷಣವನ್ನು ಬಾಯಿಬಿಟ್ಟು ಹೇಳುವಂತೆ ಸೂಚಿಸಲಾಯಿತು. ಇನ್ನೊಮ್ಮೆ ಕಿವಿಗೆ ಕೇಳುವ ಸದ್ದುಗಳನ್ನು ಗಮನಿಸುತ್ತ ಆಡುವಂತೆ ಹೇಳಲಾಯಿತು. ಬೀಸನ್ನು ಗಮನಿಸಿದಾಗಲೇ ಅವರ ಆಟ ಕೆಟ್ಟಿತು, ಸದ್ದಿಗೆ ಕಿವಿಗೊಟ್ಟಾಗ ಕೆಡಲಿಲ್ಲ. ಹೊಸಬರಲ್ಲಿ ಫಲ ಇದಕ್ಕೆ ವಿರುದ್ಧ. ಕಲಿಯುವಾಗ ಹಂತ ಹಂತವಾಗಿ ಗಮನಿಸಿ ಕಲಿತದ್ದು ರೂಢಿಯಾದ ಬಳಿಕ ಗಮನದ ಹಂಗಿಲ್ಲದೆ ತಾನೇ ನಡೆಯುತ್ತದೆ. ಅದನ್ನು ಮತ್ತೆ ಬಿಡಿಬಿಡಿಯಾಗಿ ನೋಡಹೊರಟರೆ ಸರಾಗವಾಗಿ ಇಳಿಯುತ್ತಿದ್ದ ಮೆಟ್ಟಿಲುಗಳ ಮೇಲೆ ಕಾಲನ್ನೇ ನೋಡುತ್ತ ಇಳಿದವನಂತೆ ಎಡವುವುದಾಗುತ್ತದೆ. ಕುಸಿತದಲ್ಲಿರುವ ಆಟಗಾರ ಮಾಡುವುದು ಸರಿಯಾಗಿ ಇದನ್ನೇ. ನಾಲ್ವರು ಸ್ನೇಹಿತರು ನಾಲ್ಕು ಸಲಹೆಗಳನ್ನು ಕೊಡುತ್ತಾರೆ. ನಾಲ್ಕೂ ಏಕಕಾಲದಲ್ಲಿ ಆತನ ಮೊಣಕೈಯಲ್ಲಿ ಜಗಳಾಡುತ್ತವೆ.

ಗಮನವನ್ನು ಎಲ್ಲಿಡಬೇಕೆಂಬ ಪ್ರಶ್ನೆಗೆ ಕೆನಡಾದ ಜೋನ್ ವಿಕರ್ಸ್ 1992ರಲ್ಲಿ ಆಟಗಾರರ ಕಣ್ಣಿನ ಚಲನೆಯನ್ನೇ ಅಳೆದು ಒಂದು ಉತ್ತರ ಕೊಟ್ಟರು. ಉತ್ತಮ ಆಟಗಾರರ ದೃಷ್ಟಿ ಹೊಡೆತಕ್ಕೆ ಮುನ್ನ ಚೆಂಡಿನ ಒಂದೇ ಬಿಂದುವಿನ ಮೇಲೆ ಸ್ಥಿರವಾಗಿ ನೆಲಸುತ್ತದೆ. ಸಾಧಾರಣರ ಕಣ್ಣು ಚೆಂಡು, ಕೋಲು, ಕುಳಿಗಳ ನಡುವೆ ಅಲೆದಾಡುತ್ತದೆ. ಚೆಂಡಿನ ಹಿಂಬದಿಯ ಒಂದು ಗುರುತನ್ನು ಎರಡು ಸೆಕೆಂಡಿನಷ್ಟು ಕಾಲ ನೋಡಿ, ಚೆಂಡು ಹೊರಟುಹೋದ ಮೇಲೂ ಕ್ಷಣಕಾಲ ಆ ಜಾಗವನ್ನೇ ನೋಡುತ್ತಿರುವುದು ಇದರಿಂದ ಹುಟ್ಟಿದ ಅಭ್ಯಾಸ. 2015ರಲ್ಲಿ ಮಾಸ್ಟರ್ಸ್ ಪ್ರಶಸ್ತಿ ಗೆದ್ದ ಜೋರ್ಡನ್ ಸ್ಪೀತ್ ಸಮೀಪದ ಹೊಡೆತಗಳಲ್ಲಿ ಚೆಂಡನ್ನು ನೋಡದೆ ಕುಳಿಯನ್ನೇ ನೋಡುತ್ತ ಆಡುತ್ತಿದ್ದುದು ಇದಕ್ಕೆ ವಿರೋಧವೆಂದು ತೋರಬಹುದು. ಎರಡೂ ಮಾರ್ಗಗಳು ದೃಷ್ಟಿಯನ್ನು ಒಂದೆಡೆ ನಿಲ್ಲಿಸುತ್ತವೆ, ಎರಡೂ ಕೈಗಳನ್ನು ಅವುಗಳ ಪಾಡಿಗೆ ಬಿಡುತ್ತವೆ. ದೂರ ಹೊಡೆಯುವವರ ಸಾಲಿಗೆ ಸೇರದ ಬೆಂಗಳೂರಿನ ಅದಿತಿ ಅಶೋಕ್, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ಒಂದೇ ಹೊಡೆತದ ಅಂತರದಲ್ಲಿ ಪದಕ ತಪ್ಪಿ ನಾಲ್ಕನೆಯವರಾದಾಗ ಅವರನ್ನು ಅಲ್ಲಿಯವರೆಗೆ ಕೊಂಡೊಯ್ದದ್ದು ಬಹುಮಟ್ಟಿಗೆ ಗ್ರೀನಿನ ಮೇಲಣ ಆಟವೇ.

ಈಗ ಮೇಲೆ ಹೇಳಿದ ಆ ಬೇರೆ ಜಾತಿಯ ತೊಂದರೆ. ಇಂಗ್ಲಿಷ್ ಬಲ್ಲ ಆಟಗಾರರು ಇದನ್ನು ಯಿಪ್ಸ್ ಎನ್ನುತ್ತಾರೆ. ಹೆಸರಿಟ್ಟ ಕೀರ್ತಿ ಹಿಂದಿನ ತಲೆಮಾರಿನ ಟಾಮಿ ಆರ್ಮರಿಗೆ ಸಲ್ಲುತ್ತದೆ. ಪಟ್ಟರ್ ಚೆಂಡಿಗೆ ತಾಗುವ ಕ್ಷಣದಲ್ಲಿ ಮಣಿಕಟ್ಟು ತನ್ನಿಚ್ಛೆಯಿಲ್ಲದೆ ಒದರುತ್ತದೆ. ಚೆಂಡಿಲ್ಲದೆ ಬೀಸಿದಾಗ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಬೆನ್ ಹೋಗನ್ ಅಂಥ ಮಹಾಪುರುಷನೂ ಕಡೆಗಾಲದಲ್ಲಿ ಗ್ರೀನಿನ ಮೇಲೆ ಮರಗಟ್ಟಿದಂತೆ ನಿಲ್ಲುತ್ತಿದ್ದ. ಸ್ಯಾಮ್ ಸ್ನೀಡ್ ಇದರಿಂದ ಪಾರಾಗಲು ಚೆಂಡಿನ ದಾರಿಯ ಎರಡೂ ಪಕ್ಕಕ್ಕೆ ಕಾಲಿಟ್ಟು ಕ್ರೋಕೆ ಆಟದಂತೆ ಆಡತೊಡಗಿದ. 1968ರಿಂದ ನಿಯಮವೇ ಅದನ್ನು ನಿಷೇಧಿಸಿತು. 2016ರ ಮಾಸ್ಟರ್ಸಿನ ಮೊದಲ ಕುಳಿಯಲ್ಲೇ, ನಾಲ್ಕು ಮಹಾಪ್ರಶಸ್ತಿಗಳ ಒಡೆಯ ಅರ್ನಿ ಎಲ್ಸ್ ಕೈಯಳತೆಯ ದೂರದಿಂದ ಮತ್ತೆ ಮತ್ತೆ ತಪ್ಪಿ ಆರು ಪಟ್ಟುಗಳನ್ನು ಆಡಿದುದನ್ನು ಜಗತ್ತೇ ನೋಡಿತು.

ಇದು ಹೇಡಿತನವೆಂಬ ಭಾವನೆ ಬಹುಕಾಲ ಇತ್ತು. 1989ರಲ್ಲಿ ನರರೋಗಶಾಸ್ತ್ರದ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅಧ್ಯಯನ ಇದನ್ನು, ಸದಾ ಬರೆಯುವವರ ಬೆರಳು ಸೆಟೆಯುವ, ವಾದ್ಯಗಾರರ ಬೆರಳು ಮಾತು ಕೇಳದಾಗುವ ತೊಂದರೆಗಳ ಸಾಲಿಗೆ ಸೇರಿಸಿತು. ಒಂದೇ ಸೂಕ್ಷ್ಮ ಚಲನೆಯನ್ನು ಲಕ್ಷಾಂತರ ಬಾರಿ ಮಾಡಿದಾಗ ಮಿದುಳಿನಲ್ಲಿ ಆ ಚಲನೆಯ ಹತೋಟಿಯೇ ಕಲಸಿಹೋಗುವುದು ಇದರ ಲಕ್ಷಣ. ಮೇಯೋ ಕ್ಲಿನಿಕ್ಕಿನ ಸಂಶೋಧಕರು 2003ರಲ್ಲಿ, ಒಂದು ತುದಿಯಲ್ಲಿ ಇಂಥ ನರದ ತೊಂದರೆ, ಇನ್ನೊಂದು ತುದಿಯಲ್ಲಿ ಬರಿಯ ಉದ್ವೇಗ, ನಡುವೆ ಎರಡರ ಮಿಶ್ರಣಗಳು ಎಂದು ವಿಂಗಡಿಸಿ ತೋರಿಸಿದರು. ಈ ವಿಂಗಡಣೆಯ ಪ್ರಯೋಜನ ದೊಡ್ಡದು. ಉದ್ವೇಗದಿಂದ ಕೆಟ್ಟ ಕೈಗೆ ಅಭ್ಯಾಸ, ಸ್ಥಿರ ದೃಷ್ಟಿ, ನಿಗದಿಯಾದ ಪೂರ್ವಕ್ರಮಗಳಿಂದ ಗುಣ ಕಾಣುತ್ತದೆ. ನರದ ಕಡೆಯದಕ್ಕೆ ಅದೇ ಹೊಡೆತವನ್ನು ಇನ್ನೂ ಸಾವಿರ ಬಾರಿ ಆಡುವುದು ಉರಿಗೆ ಎಣ್ಣೆ. ಅಲ್ಲಿ ಚಲನೆಯನ್ನೇ ಬದಲಿಸಿ ಮಿದುಳಿಗೆ ಹೊಸ ದಾರಿ ತೋರಿಸಬೇಕು.

ಜರ್ಮನಿಯ ಬರ್ನ್‌ಹಾರ್ಡ್ ಲ್ಯಾಂಗರ್ ಇದಕ್ಕೆ ಅತ್ಯುತ್ತಮ ನಿದರ್ಶನ. ಇಪ್ಪತ್ತರ ಹರೆಯದಲ್ಲೇ ಈ ಕಾಟಕ್ಕೆ ಸಿಕ್ಕಿ, ಎಡಗೈಯನ್ನು ಬಲಗೈಯ ಕೆಳಗಿಟ್ಟು ಆಡಲು ಕಲಿತು 1985ರಲ್ಲಿ ಮಾಸ್ಟರ್ಸ್ ಗೆದ್ದ. ತೊಂದರೆ ಮರಳಿ ಬಂದಾಗ ಕೋಲಿನ ಹಿಡಿಯನ್ನು ಎಡ ಮುಂಗೈಗೆ ಒತ್ತಿ ಬಲಗೈಯಿಂದ ಬಿಗಿಹಿಡಿದು 1993ರಲ್ಲಿ ಮತ್ತೊಮ್ಮೆ ಗೆದ್ದ. ಮುಂದೆ ಎದೆಮಟ್ಟದ ಉದ್ದ ಪಟ್ಟರಿಗೆ ಬದಲಾದ. ಅಂಥ ಪಟ್ಟರನ್ನು ಮೈಗೆ ಆನಿಸಿ ಆಡುವುದು 2016ರಿಂದ ನಿಷಿದ್ಧವಾದಾಗ ಆನಿಸದೆಯೇ ಆಡಿ, 2023ರಲ್ಲಿ, 65ನೆಯ ವಯಸ್ಸಿನಲ್ಲಿ, ಅಮೆರಿಕದ ಹಿರಿಯರ ಓಪನ್ ಪ್ರಶಸ್ತಿಯನ್ನು ಪಡೆದ. ಆತ ಬದಲಿಸಿದ್ದುಂಟು, ಆದರೆ ವಾರಕ್ಕೊಮ್ಮೆಯಲ್ಲ.

ಕೈ ನಡುಗುವುದೆಲ್ಲ ಯಿಪ್ಸ್ ಅಲ್ಲವೆಂಬುದನ್ನು ಮಾತ್ರ ಮರೆಯಬಾರದು. ಕಾಫಿಯ ಲೋಟ ಎತ್ತುವಾಗ, ಚೆಕ್ಕಿಗೆ ಸಹಿ ಮಾಡುವಾಗಲೂ ಕೈ ನಡುಗಿದರೆ, ಅಥವಾ ತೊಡೆಯ ಮೇಲೆ ಸುಮ್ಮನಿಟ್ಟಾಗ ನಡುಗಿದರೆ, ಅದು ಮೈದಾನದಲ್ಲಿ ಗುಣವಾಗುವ ವಿಷಯವಲ್ಲ. ನರರೋಗ ತಜ್ಞರಿಗೆ ತೋರಿಸಬೇಕು. ಥೈರಾಯಿಡ್ ಗ್ರಂಥಿಯ ಅತಿಸ್ರಾವ, ಉಬ್ಬಸಕ್ಕೆ ಸೇದುವ ಕೆಲವು ಔಷಧಗಳು, ಅಳತೆಮೀರಿದ ಕಾಫಿ ಇವೂ ಕೈ ನಡುಗಿಸುತ್ತವೆ. ಇನ್‌ಸುಲಿನ್ ಅಥವಾ ಕೆಲವು ಜಾತಿಯ ಸಕ್ಕರೆ ಮಾತ್ರೆಗಳನ್ನು ತೆಗೆದುಕೊಳ್ಳುವವರು ಬೆಳಗ್ಗೆ ಅಲ್ಪ ಉಪಾಹಾರದೊಡನೆ ಹೊರಟು, ಮೂರು ಗಂಟೆಗಳ ಕಾಲ ಬಿಸಿಲಲ್ಲಿ ನಡೆದ ಮೇಲೆ, ಹದಿನಾಲ್ಕನೆಯ ಕುಳಿಯ ಹೊತ್ತಿಗೆ ಬೆವೆತು ನಡುಗಿದರೆ ಅದು ಪಂದ್ಯದ ಉದ್ವೇಗವಲ್ಲದೆ ರಕ್ತದಲ್ಲಿ ಸಕ್ಕರೆ ಇಳಿದದ್ದಾಗಿರಬಹುದು. ಕೂಡಲೇ ಕುಳಿತು ಸಕ್ಕರೆಯನ್ನೋ ಗ್ಲೂಕೋಸನ್ನೋ ಸೇವಿಸಬೇಕು. ಚೀಲದಲ್ಲಿ ಚೆಂಡುಗಳೊಡನೆ ಅದೂ ಇರಬೇಕು. ಎದೆಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆಗಳಿಂದ ಕೈ ಸ್ಥಿರವಾಗುತ್ತದೆಂದು ಗೆಳೆಯರ ಮಾತು ಕೇಳಿ ನುಂಗುವವರಿದ್ದಾರೆ. ಉಬ್ಬಸವಿದ್ದವರಿಗೆ ಅವು ಅಪಾಯಕಾರಿ, ಸಕ್ಕರೆ ಇಳಿದ ಸೂಚನೆಗಳನ್ನೂ ಮರೆಮಾಚಬಲ್ಲವು. ಮೇಲಾಗಿ ಗಾಲ್ಫ್ ಸ್ಪರ್ಧೆಗಳಲ್ಲಿ ಅವು ನಿಷಿದ್ಧ ಔಷಧಗಳ ಪಟ್ಟಿಯಲ್ಲಿವೆ.

ಅಭ್ಯಾಸದ ಪ್ರಮಾಣವೂ ಮುಖ್ಯ. ಬಾಗಿ ನಿಂತು ಒಂದು ಗಂಟೆ ಆಡಿದರೆ ಸುಧಾರಿಸುವುದಕ್ಕಿಂತ ಸೊಂಟ ಹಿಡಿಯುವುದೇ ಖಚಿತ. ಇಪ್ಪತ್ತು ನಿಮಿಷ ಸಾಕು. ಒಂದೇ ಜಾಗದಿಂದ ಹತ್ತು ಚೆಂಡುಗಳನ್ನು ಸಾಲಾಗಿ ಆಡುವ ಬದಲು ಒಂದೇ ಚೆಂಡಿನಿಂದ ಪ್ರತಿ ಬಾರಿಯೂ ಬೇರೆ ದೂರಕ್ಕೆ, ಪಂದ್ಯದಲ್ಲಿ ಮಾಡುವ ಸಿದ್ಧತೆಯನ್ನೆಲ್ಲ ಮಾಡಿಯೇ ಆಡಬೇಕು. ಮೈದಾನದಲ್ಲಿ ಎರಡನೆಯ ಅವಕಾಶ ಸಿಗುವುದಿಲ್ಲವಷ್ಟೆ. ಹಿಡಿತವನ್ನು ಬದಲಿಸಲೇಬೇಕೆಂದು ಪುಸ್ತಕದ ಲೆಕ್ಕ ಹೇಳಿದರೆ ಅದಕ್ಕೆ ಮಳೆಗಾಲವೇ ತಕ್ಕ ಕಾಲ. ಸ್ಪರ್ಧೆಗಳು ವಿರಳ, ಮನೆಯ ಜಮಖಾನದ ಮೇಲೆ ಲೋಟವೊಂದನ್ನು ಅಡ್ಡ ಮಲಗಿಸಿ ಆಡುವುದಕ್ಕೆ ಸಂಜೆಗಳೂ ಬೇಕಾದಷ್ಟು. ಜುಲೈಯಲ್ಲಿ ಹಿಡಿದದ್ದನ್ನು ಡಿಸೆಂಬರಿನವರೆಗೆ ಬಿಡದೆ ಹಿಡಿದರೆ ವಾರ್ಷಿಕ ಪಂದ್ಯದ ವೇಳೆಗೆ ಅದು ರೂಢಿಯಾಗಿರುತ್ತದೆ. ಪಂದ್ಯಕ್ಕೆ ಎರಡು ವಾರ ಉಳಿದಿರುವಾಗ ಮಾತ್ರ ಯಾವ ಹೊಸ ಸಲಹೆಗೂ ಕಿವಿಗೊಡಬಾರದು, ಅದು ಕ್ಲಬ್ಬಿನ ಅಧ್ಯಕ್ಷರದಾದರೂ ಸರಿಯೆ.